ದಿನ ತುಂಬದ ಮಗು, ಅಯೋಡಿನ್ ಮದ್ದು, ಮತ್ತೆ ಆ ಎರಡನೇ ಥೈರಾಯ್ಡ್ ಟೆಸ್ಟ್

ಎನ್‌ಐಸಿಯು, ಅಂದ್ರೆ ನವಜಾತ ಮಕ್ಕಳ ಐಸಿಯುವಿನಿಂದ ಮಗು ಮನೆಗೆ ಬಂತು ಅಂದ್ರೆ ನೆಂಟರು ಕೇಳೋದು ಎರಡೇ, ತೂಕ ಎಷ್ಟಾಯ್ತು, ಹಾಲು ಸರಿ ಕುಡೀತದಾ ಅಂತ. ಕಣ್ಣಿನ ಟೆಸ್ಟ್, ಕಿವಿಯ ಟೆಸ್ಟ್ ಆಸ್ಪತ್ರೆಯವರೇ ನೆನಪು ಮಾಡ್ತಾರೆ. ಥೈರಾಯ್ಡ್ ಮಾತ್ರ ಎಲ್ಲೋ ನಡುವಲ್ಲಿ ಬಿಟ್ಟುಹೋಗ್ತದೆ, ಅದ್ರಲ್ಲೂ ನಮ್ಮ ಕಾಸರಗೋಡಿನವರಿಗೆ, ಯಾಕಂದ್ರೆ ಕಷ್ಟದ ಹೆರಿಗೆ ಅಂದ್ರೆ ನಾವು ಓಡೋದು ಮಂಗಳೂರಿಗೆ, ಆಮೇಲಿನ ಇಂಜೆಕ್ಷನ್, ತೂಕ ಎಲ್ಲ ಇಲ್ಲಿ ಕೇರಳದ ಪಿಎಚ್‌ಸಿಯಲ್ಲಿ. ಅದಕ್ಕೇ ಇದನ್ನು ಬರೀಬೇಕು ಅನ್ನಿಸಿತು.

ನನ್ನ ತಂಗಿಯ ಮಗ 29 ವಾರಕ್ಕೇ ಹುಟ್ಟಿದ್ದು, 1.1 ಕೆಜಿ ಇದ್ದ. ಅಷ್ಟು ಚಿಕ್ಕ ಮಗುವಿಗೆ ಹೊಕ್ಕುಳಿಂದ ಒಂದು ಲೈನ್ (ರಕ್ತನಾಳಕ್ಕೆ ಹಾಕೋ ಸಣ್ಣ ಟ್ಯೂಬ್), ಆಮೇಲೆ ಕೈಯಲ್ಲಿ ಲೈನ್, ಮತ್ತೆ ಮತ್ತೆ ರಕ್ತ ತೆಗೆಯೋದು, ಪ್ರತಿ ಸಲವೂ ಚರ್ಮಕ್ಕೆ ಮದ್ದು ಹಚ್ಚಲೇಬೇಕು. ಇನ್‌ಫೆಕ್ಷನ್ ಆದ್ರೆ ಈ ಮಕ್ಕಳು ಉಳಿಯೋದೇ ಕಷ್ಟ, ಹಾಗಾಗಿ ಆಂಟಿಸೆಪ್ಟಿಕ್ಕೇ ಬೇಡ ಅಂತ ನಾನು ಹೇಳ್ತಾ ಇಲ್ಲ. ಯಾವುದು ಹಚ್ತಾರೆ, ಎಷ್ಟು ಜಾಗಕ್ಕೆ ಹಚ್ತಾರೆ, ಕೆಲಸ ಮುಗಿದ ಮೇಲೆ ಒರೆಸಿ ತೆಗೀತಾರಾ, ಅದು ಮುಖ್ಯ.

ಚರ್ಮಕ್ಕೆ ಹಚ್ಚೋ ಆ ಕಂದು ಬಣ್ಣದ ಮದ್ದು ಪೊವಿಡೋನ್ ಅಯೋಡಿನ್. ಶೇ 10ರ ದ್ರಾವಣ ಅಂದ್ರೆ ಒಂದು ಎಂಎಲ್‌ನಲ್ಲಿ ಸುಮಾರು 10 ಮಿಲಿಗ್ರಾಂ ಅಯೋಡಿನ್. ದಿನ ತುಂಬದ ಮಗುವಿಗೆ ದಿನಕ್ಕೆ ಬೇಕಾಗೋದು ಕೆಜಿಗೆ 30 ಮೈಕ್ರೋಗ್ರಾಂ ಆಸುಪಾಸು. ಲೆಕ್ಕ ಹಾಕಿದ್ರೆ ಒಂದು ಕೆಜಿ ಮಗುವಿಗೆ ಒಂದೇ ಎಂಎಲ್‌ನಲ್ಲಿ ಮುನ್ನೂರು ದಿನಕ್ಕಿಂತ ಜಾಸ್ತಿಯದ್ದು ಉಂಟು! ಎಲ್ಲವೂ ಒಳಗೆ ಹೋಗೋದಿಲ್ಲ ಸರಿ, ಆದ್ರೆ ಈ ಮಕ್ಕಳ ಚರ್ಮದ ಮೇಲ್ಪದರ ಇನ್ನೂ ಬಲಿತಿರೋದಿಲ್ಲ, ನಮ್ಮದಕ್ಕಿಂತ ಎಷ್ಟೋ ಬೇಗ ಹೀರ್ಕೊಳ್ತದೆ, ಹೋದದ್ದನ್ನು ಹೊರಗೆ ಹಾಕ್ಲಿಕ್ಕೆ ಕಿಡ್ನಿಯೂ ಬಲಿತಿಲ್ಲ.

ಅಯೋಡಿನ್ ಥೈರಾಯ್ಡಿಗೆ ಒಳ್ಳೇದಲ್ವಾ, ಉಪ್ಪಿಗೆ ಹಾಕ್ತಾರಲ್ಲ ಅಂತ ಅಮ್ಮ ಕೇಳಿದ್ರು. ಕಮ್ಮಿ ಆದ್ರೆ ಹೇಗೆ ತೊಂದ್ರೆಯೋ ಒಮ್ಮೆಲೇ ಜಾಸ್ತಿ ಆದ್ರೂ ತೊಂದ್ರೆ. ಇದನ್ನು 1948ರಲ್ಲಿ ವೋಲ್ಫ್, ಚೈಕಾಫ್ ಅಂತ ಇಬ್ಬರು ಅಮೆರಿಕದಲ್ಲಿ ಇಲಿಗಳಲ್ಲಿ ತೋರಿಸಿದ್ರು, ಅಯೋಡಿನ್ ತುಂಬಾ ಬಂದ್ರೆ ಗ್ರಂಥಿ ಹಾರ್ಮೋನ್ ಮಾಡೋದನ್ನೇ ನಿಲ್ಲಿಸ್ತದೆ. ತೋಟದ ಪಂಪಿಗೆ ವೋಲ್ಟೇಜ್ ಏರಿದ್ರೆ ಸ್ಟಾರ್ಟರ್ ಟ್ರಿಪ್ ಆಗ್ತದಲ್ಲ, ಹಾಗೆ. ದೊಡ್ಡವರಲ್ಲಿ ಕೆಲವು ದಿನದಲ್ಲಿ ತನ್ನಿಂತಾನೇ ಮತ್ತೆ ಶುರುವಾಗ್ತದೆ. ಆ ತಪ್ಪಿಸ್ಕೊಳ್ಳೋ ಶಕ್ತಿ ಮಗುವಿಗೆ ಬರೋದು ಹೆಚ್ಚುಕಮ್ಮಿ ದಿನ ತುಂಬೋ ಹೊತ್ತಿಗೆ, ಸುಮಾರು 36 ವಾರ ಕಳೆದ ಮೇಲೆ. ಅದಕ್ಕಿಂತ ಮೊದಲು ಹುಟ್ಟಿದ ಮಗುವಿನಲ್ಲಿ ಗ್ರಂಥಿಯ ಕೆಲಸ ನಿಂತ್ರೆ ನಿಂತೇ ಇರ್ತದೆ, ವಾರಗಟ್ಟಲೆ ಕೂಡ. ಮಿದುಳು ಬೆಳೆಯೋ ಸಮಯ ಅದು, ಥೈರಾಯ್ಡ್ ಹಾರ್ಮೋನ್ ಇಲ್ಲದಿದ್ರೆ ಆಗೋದಿಲ್ಲ.

ಹೊರಗಿಂದ ಏನೂ ಗೊತ್ತಾಗೋದಿಲ್ಲ, ಅದೇ ಹೆದರಿಕೆ. ಹಾಲು ನಿಧಾನ ಕುಡಿಯೋದು, ಸದಾ ನಿದ್ರೆ, ಹಳದಿ ಬೇಗ ಇಳಿಯದೇ ಇರೋದು, ಮಲಬದ್ಧತೆ, ಇವೆಲ್ಲ ಥೈರಾಯ್ಡ್ ಕಮ್ಮಿ ಆದ್ರೂ ಇರ್ತದೆ, ಬರೀ ದಿನ ತುಂಬದ ಮಗು ಆದ್ರೂ ಇರ್ತದೆ. ರಕ್ತ ನೋಡದೆ ಯಾರಿಗೂ ಹೇಳ್ಲಿಕ್ಕಾಗದು.

ಹುಟ್ಟಿದ ಎರಡು ಮೂರು ದಿನಕ್ಕೆ ಹಿಮ್ಮಡಿ ಚುಚ್ಚಿ ಒಂದು ಥೈರಾಯ್ಡ್ ಟೆಸ್ಟ್ ಮಾಡ್ತಾರೆ. ನಮ್ಮವನದ್ದೂ ನಾರ್ಮಲ್ ಬಂತು, ಎಲ್ಲರೂ ನಿಶ್ಚಿಂತೆ. ಆದ್ರೆ ಈ ಮಕ್ಕಳಲ್ಲಿ ಟಿಎಸ್‌ಎಚ್ (ಕೆಲಸ ಮಾಡು ಅಂತ ಥೈರಾಯ್ಡಿಗೆ ಮಿದುಳಿನ ಕಡೆಯಿಂದ ಬರೋ ಹಾರ್ಮೋನ್, ಥೈರಾಯ್ಡ್ ಕಮ್ಮಿ ಆದ್ರೆ ಇದು ಏರ್ಬೇಕು) ತಡವಾಗಿ ಏರ್ತದೆ, ಮಿದುಳಿನಿಂದ ಸಿಗ್ನಲ್ ಕಳಿಸೋ ವ್ಯವಸ್ಥೆಯೂ ಬಲಿತಿರೋದಿಲ್ಲ, ಅದೂ ಅಲ್ಲದೆ ಅಯೋಡಿನ್ ಹಚ್ಚೋದು ಟೆಸ್ಟ್ ಆದ ಮೇಲೂ ನಡೀತಾ ಇರ್ತದೆ. ಹಾಗಾಗಿ ಎರಡರಿಂದ ನಾಲ್ಕು ವಾರದೊಳಗೆ ಇನ್ನೊಂದ್ಸಲ ನೋಡ್ಬೇಕು. ನಮಗೆ ಕೊಟ್ಟ ಡಿಸ್ಚಾರ್ಜ್ ಸಮ್ಮರಿಯಲ್ಲಿ ಅದು ಇರ್ಲೇ ಇಲ್ಲ. ಇಲ್ಲಿ ಊರಿನ ಮಕ್ಕಳ ಡಾಕ್ಟ್ರು ಆ ಫೈಲನ್ನು ಪುಟ ಪುಟ ತಿರುಗಿಸಿ "ಎರಡನೇ ಟಿಎಸ್‌ಎಚ್ ಎಲ್ಲಿ" ಅಂತ ಕೇಳಿದ್ದರಿಂದ ಗೊತ್ತಾಯ್ತು, ಮಾಡಿಸಿದ್ರೆ ಟಿಎಸ್‌ಎಚ್ ತುಂಬಾ ಜಾಸ್ತಿ, ಟಿ4, ಅಂದ್ರೆ ಥೈರಾಯ್ಡ್ ಮಾಡೋ ಹಾರ್ಮೋನ್, ಕಮ್ಮಿ. ಅಯೋಡಿನ್‌ನಿಂದಲೇ ಆದದ್ದು ಅಂತ ಅವರು ಖಡಾಖಂಡಿತ ಹೇಳಲಿಲ್ಲ, ಬೇರೆ ಕಾರಣವೂ ಇರಬಹುದಂತೆ. ಕಾರಣ ಯಾವುದೇ ಇರ್ಲಿ, ಕಾಯುವ ಹಾಗಿಲ್ಲ ಅಂತ ಅವತ್ತೇ ಮಾತ್ರೆ ಶುರು ಮಾಡಿದ್ರು.

ಲೆವೋಥೈರಾಕ್ಸಿನ್ ಮಾತ್ರೆ, ಅದೇ ಥೈರಾಯ್ಡ್ ಹಾರ್ಮೋನ್ ಮಾತ್ರೆ ರೂಪದಲ್ಲಿ. ತಂಗಿ ಬೆಳಿಗ್ಗೆ ಎರಡು ಚಮಚದ ನಡುವೆ ಇಟ್ಟು ಒತ್ತಿ ನಯವಾಗಿ ಪುಡಿ ಮಾಡ್ತಾಳೆ, ಅದಕ್ಕೆ ನಾಲ್ಕು ಹನಿ ಎದೆಹಾಲು ಬೆರೆಸಿ ಒಳಲೆಯಲ್ಲಿ ಕುಡಿಸಿ, ಒಳಲೆಗೆ ಅಂಟಿದ್ದಕ್ಕೆ ಮತ್ತೆ ಸ್ವಲ್ಪ ಹಾಲು ಹಾಕಿ ಅದನ್ನೂ ಕುಡಿಸ್ತಾಳೆ. ಬಾಟ್ಲಿ ಹಾಲಿಗೆಲ್ಲ ಕಲಸಿಬಿಟ್ರೆ ಮಗು ಅರ್ಧಕ್ಕೆ ಬಿಟ್ರೆ ಮಾತ್ರೆಯೂ ಅರ್ಧ. ಇನ್ನೊಂದು, ಈ ಮಕ್ಕಳಿಗೆ ಐರನ್ ಡ್ರಾಪ್ಸ್, ಕ್ಯಾಲ್ಸಿಯಂ ಎಲ್ಲ ಇರ್ತದಲ್ಲ, ಅದನ್ನು ಜೊತೆಗೇ ಕೊಟ್ರೆ ಮಾತ್ರೆ ಹೀರ್ಕೊಳ್ಳೋದಿಲ್ಲ, ನಾಲ್ಕು ಗಂಟೆ ಅಂತರ ಬೇಕು. ಈಗ ಅವನ ರಿಪೋರ್ಟ್ ಸರಿಯಾಗಿದೆ, ಡೋಸ್ ಇಳಿಸ್ತಾ ಇದ್ದಾರೆ, ಮುಂದೆ ನಿಲ್ಲಿಸಿ ನೋಡುವ ಅಂದಿದ್ದಾರೆ. ನಾವಾಗಿಯೇ ನಿಲ್ಲಿಸ್ಬಾರ್ದು ಅಂತ ಸ್ಪಷ್ಟ ಹೇಳಿದ್ದಾರೆ.

ಹಾಗಾದ್ರೆ ಬದಲಿ ಏನು? ಕ್ಲೋರ್‌ಹೆಕ್ಸಿಡಿನ್ ಉಂಟು, ಅದರಲ್ಲಿ ಅಯೋಡಿನ್ ಇಲ್ಲ, ಆದ್ರೆ ತುಂಬಾ ಚಿಕ್ಕ ಮಕ್ಕಳಲ್ಲಿ ಚರ್ಮ ಸುಡ್ತದೆ, ಸ್ಪಿರಿಟ್ ಸೇರಿದ್ದು ಇನ್ನೂ ಜಾಸ್ತಿ. ಯಾವುದನ್ನೂ ಪೂರಾ ಸೇಫ್ ಅನ್ಲಿಕ್ಕಾಗದು. ತಾಯಿಗೆ ಹಚ್ಚಿದ್ದೂ ಲೆಕ್ಕಕ್ಕೆ ಬರ್ತದೆ, ಹೆರಿಗೆ ಹೊತ್ತಿಗೆ ಅಯೋಡಿನ್ ಮದ್ದು ಹಚ್ಚಿಸ್ಕೊಂಡ ತಾಯಂದಿರ ಹಾಲು ಕುಡಿದ ಮಕ್ಕಳನ್ನು ಥೈರಾಯ್ಡ್ ಟೆಸ್ಟಿಗೆ ಮತ್ತೆ ಕರೆಸಬೇಕಾದದ್ದು ಜಾಸ್ತಿ ಅಂತ ಬೆಲ್ಜಿಯಂನವರು 1988ರಲ್ಲೇ ವರದಿ ಮಾಡಿದ್ದಾರೆ. ಹಾಗಂತ ಎದೆಹಾಲು ನಿಲ್ಲಿಸ್ಬೇಡಿ ದಯವಿಟ್ಟು, ಟೆಸ್ಟ್ ಮಾಡಿಸಿದ್ರೆ ಸಾಕು. ಮತ್ತೆ ಮನೆಯಲ್ಲಿ ಹೊಕ್ಕುಳಿಗೆ ಅಂತ ಮೆಡಿಕಲ್‌ನಿಂದ ಕಂದು ಬಾಟ್ಲಿ ತಂದು ಹಚ್ಚೋದು ಬೇಡವೇ ಬೇಡ, ಒಣಗಿಸಿ ಇಟ್ರೆ ತಾನಾಗಿ ಬೀಳ್ತದೆ.

ಕೇರಳದ ಸರ್ಕಾರಿ ಆಸ್ಪತ್ರೆಗಳಲ್ಲಿ ಹುಟ್ಟಿದ ಮಕ್ಕಳಿಗೆ ಶಲಭಂ ಅಂತ ಸ್ಕ್ರೀನಿಂಗ್ ಉಂಟು, ಥೈರಾಯ್ಡ್ ಅದರಲ್ಲಿ ಬರ್ತದೆ. ಆದ್ರೆ ತಲಪಾಡಿ ಗಡಿ ದಾಟಿ ಕರ್ನಾಟಕದಲ್ಲಿ ಹೆತ್ತವರ ಪೇಪರ್ ಎರಡೂ ಕಡೆಯ ಲೆಕ್ಕಕ್ಕೆ ಸಿಗೋದಿಲ್ಲ, ಆಸ್ಪತ್ರೆಯವರು ಊರಿನ ಡಾಕ್ಟ್ರು ನೋಡ್ತಾರೆ ಅಂದ್ಕೊಳ್ತಾರೆ, ಊರಿನವರು ಅಲ್ಲೇ ಆಗಿರಬಹುದು ಅಂದ್ಕೊಳ್ತಾರೆ. ಮಂಜೇಶ್ವರ, ಕುಂಬಳೆ, ಪೆರ್ಲ, ಬದಿಯಡ್ಕ ಕಡೆಯವರು ಯಾರ ಮನೆಯಲ್ಲಾದ್ರೂ ದಿನ ತುಂಬದ ಮಗು ಇದ್ರೆ ಡಿಸ್ಚಾರ್ಜ್ ದಿನವೇ ಕೇಳಿ, ಟಿಎಸ್‌ಎಚ್ ಯಾವ ದಿನ ನೋಡಿದ್ರಿ, ಎಷ್ಟು ಬಂತು, ಮುಂದಿನದ್ದು ಯಾವಾಗ. ಉತ್ತರವನ್ನು ಫೈಲಿನ ಮೊದಲ ಪುಟದಲ್ಲೇ ಬರೆಸ್ಕೊಳ್ಳಿ, ಆಶಾ ಅಕ್ಕನಿಗೂ ಅದರ ಫೋಟೋ ಕಳ್ಸಿ.