ಒಬ್ಬ ಕ್ಯಾಪ್ಟನ್, ಗ್ರೀಕಿನಲ್ಲಿ ಆರು ಹೆಸರು

ಅನುವಾದ ಕಂಪನಿಯೊಂದರಲ್ಲಿ ಟರ್ಮ್‌ಬೇಸ್ ನೋಡಿಕೊಳ್ಳುವುದು ನನ್ನ ಕೆಲಸ. ಇಂಗ್ಲಿಷ್ ಪದ ಒಂದು ಕಡೆ, ಅದಕ್ಕೆ ಒಪ್ಪಿಗೆಯಾದ ಸಮಾನಪದ ಇನ್ನೊಂದು ಕಡೆ. ಅನುವಾದಕರು ಅದನ್ನೇ ನಂಬಿಕೊಂಡು ಮುಂದೆ ಹೋಗುತ್ತಾರೆ. ಹೊಸದಾಗಿ ಸೇರಿದವರಿಗೆ ಕೆಲಸ ಕಲಿಸುವಾಗ ನಾನು ಮೊದಲು ತೆರೆಯುವುದು ‘ಕ್ಯಾಪ್ಟನ್’ ಪದದ ಗ್ರೀಕ್ ಸಾಲುಗಳನ್ನು.

ಕನ್ನಡದಲ್ಲಿ ನಮಗೆ ಈ ತೊಡಕು ಕಣ್ಣಿಗೇ ಬೀಳುವುದಿಲ್ಲ. ಭೂಸೇನೆಯವರೂ ಕ್ಯಾಪ್ಟನ್, ನೌಕಾಪಡೆಯವರೂ ಕ್ಯಾಪ್ಟನ್, ವಿಮಾನ ಹಾರಿಸುವವರೂ ಕ್ಯಾಪ್ಟನ್, ರೆಸ್ಟೊರೆಂಟಿನಲ್ಲಿ ಆರ್ಡರ್ ಬರೆದುಕೊಳ್ಳುವವರೂ ಕ್ಯಾಪ್ಟನ್. ಇಂಗ್ಲಿಷ್ ಪದವನ್ನು ಇದ್ದ ಹಾಗೇ ತೆಗೆದುಕೊಂಡೆವು, ಅದರ ಗೊಂದಲವೂ ಜೊತೆಗೇ ಬಂತು. ಗ್ರೀಕ್ ಭಾಷೆ ಮಾತ್ರ ಮೊದಲ ಹೆಜ್ಜೆಯಲ್ಲೇ ತಡೆದು ಕೇಳುತ್ತದೆ: ಯಾವ ಪಡೆಯವರು?

ಭೂಸೇನೆಯ ಕ್ಯಾಪ್ಟನ್ ಆದರೆ ‘ಲೊಖಗೊಸ್’. ಲೊಖೊಸ್ ಎಂದರೆ ಸೇನೆಯ ಒಂದು ಕಂಪನಿ, ಅದನ್ನು ಮುನ್ನಡೆಸುವವನು ಲೊಖಗೊಸ್. ಇದು ನಿನ್ನೆ ಮೊನ್ನೆ ಕಟ್ಟಿದ ಪದವಲ್ಲ. ಕ್ರಿ.ಪೂ. 401ರಲ್ಲಿ ಪರ್ಷಿಯಾದ ರಾಜಕುಮಾರ ಸೈರಸ್‌ನ ಪರ ದಂಡೆತ್ತಿ ಹೋದ ಗ್ರೀಕ್ ಬಾಡಿಗೆ ಸೈನಿಕರ ವೃತ್ತಾಂತವನ್ನು ಕ್ಸೆನೊಫನ್ ಬರೆದಿದ್ದಾನಲ್ಲ, ಅಲ್ಲೂ ಲೊಖಗೊಸ್ ಇದ್ದಾನೆ, ಸುಮಾರು 100 ಜನರ ತುಕಡಿಯ ಮುಖ್ಯಸ್ಥನಾಗಿ. ವಾಯುಪಡೆಯಲ್ಲಿ ಅದೇ ದರ್ಜೆ ‘ಸ್ಮಿನಗೊಸ್’. ಸ್ಮಿನೊಸ್ ಎಂದರೆ ಹಿಂಡು. ಜೇನುಹುಳುಗಳ ಹಿಂಡಿಗೂ ಇದೇ ಮಾತು. ನೌಕಾಪಡೆಯ ಕ್ಯಾಪ್ಟನ್ ‘ಪ್ಲಿಯಾರ್ಖೊಸ್’, ಹಡಗಿನ ಒಡೆಯ. ಗ್ರೀಕ್ ದರ್ಜೆಗಳಲ್ಲಿ ನನಗೆ ತುಂಬ ಇಷ್ಟವಾಗುವುದು ಇದೇ: ಹೆಸರಿನಲ್ಲೇ ಅವರು ಯಾವುದಕ್ಕೆ ಹೊಣೆಗಾರರು ಎಂಬುದು ಇರುತ್ತದೆ. ನಮ್ಮ ದಂಡನಾಯಕ, ದಳಪತಿ, ಸೇನಾಪತಿಗಳೂ ಇದೇ ಬಗೆಯಲ್ಲಿ ಕಟ್ಟಿದ ಪದಗಳು. ವಿಷ್ಣುವರ್ಧನನ ದಂಡನಾಯಕ ಗಂಗರಾಜ ಎಂದಾಗ ಆ ಬಿರುದಿಗೆ ಯಾರೂ ಅರ್ಥ ಹೇಳಿಕೊಡಬೇಕಾಗಿಲ್ಲ.

ಹೆಸರು ಬೇರೆಯಾದರೆ ಏನು ಮಹಾ ಎಂದು ಕೇಳುವವರಿದ್ದಾರೆ. ದರ್ಜೆಯೂ ಬೇರೆ, ಅದಕ್ಕೇ ನಾನು ಇಷ್ಟು ಹಟ ಹಿಡಿಯುವುದು. ಭಾರತೀಯ ಭೂಸೇನೆಯಲ್ಲಿ ಕ್ಯಾಪ್ಟನ್ ಎಂದರೆ ಲೆಫ್ಟಿನೆಂಟ್‌ಗಿಂತ ಒಂದು ಮೆಟ್ಟಿಲು ಮೇಲೆ, ಮೇಜರ್‌ಗಿಂತ ಕೆಳಗೆ. ನೌಕಾಪಡೆಯ ಕ್ಯಾಪ್ಟನ್ ಭೂಸೇನೆಯ ಕರ್ನಲ್‌ಗೆ ಸಮ. ಭೂಸೇನೆಯ ಕ್ಯಾಪ್ಟನ್‌ಗೆ ಸಮನಾದವರು ನೌಕಾಪಡೆಯಲ್ಲಿ ಲೆಫ್ಟಿನೆಂಟ್, ವಾಯುಪಡೆಯಲ್ಲಿ ಫ್ಲೈಟ್ ಲೆಫ್ಟಿನೆಂಟ್. ಗ್ರೀಸ್ 1952ರಿಂದ ನೇಟೊ ಸದಸ್ಯ ರಾಷ್ಟ್ರ, ಅಲ್ಲಿನ ಅಧಿಕಾರಿ ದರ್ಜೆಗಳಿಗೆ ‘ಓಎಫ್’ ಎಂಬ ನೇಟೊ ಸಂಕೇತಗಳಿವೆ, ಅಂಕಿ ಹೆಚ್ಚಿದಷ್ಟೂ ದರ್ಜೆ ಮೇಲೆ: ಲೊಖಗೊಸ್ ಓಎಫ್-2, ಪ್ಲಿಯಾರ್ಖೊಸ್ ಓಎಫ್-5. ನಡುವೆ ಮೂರು ಮೆಟ್ಟಿಲು. ಅಷ್ಟು ಹಿರಿಯ ನೌಕಾಧಿಕಾರಿಯನ್ನು ಲೊಖಗೊಸ್ ಎಂದು ಬರೆದರೆ ಅವರ ಸೇವೆಯ ಎಷ್ಟೋ ವರ್ಷಗಳನ್ನು ಅಳಿಸಿದಂತೆ. ವಾಯುಪಡೆಯ ಗ್ರೂಪ್ ಕ್ಯಾಪ್ಟನ್ ಕೂಡ ಕರ್ನಲ್‌ಗೆ ಸಮ. ಗ್ರೀಕಿನಲ್ಲಿ ಅವರು ‘ಸ್ಮಿನಾರ್ಖೊಸ್’, ಸ್ಮಿನಗೊಸ್ ಅಲ್ಲ. ಎರಡೂ ಕಿವಿಗೆ ಹತ್ತಿರ ಹತ್ತಿರ ಕೇಳುವುದರಿಂದ ಇವನ್ನು ಬೇರೆ ಬೇರೆ ಸಾಲಿನಲ್ಲಿ, ಸಂಕೇತದ ಸಮೇತ ಇಡುತ್ತೇನೆ.

ದರ್ಜೆ ಬೇರೆ, ಹುದ್ದೆ ಬೇರೆ. ಭಾರತೀಯ ಪದಾತಿ ದಳದಲ್ಲಿ ಕಂಪನಿಯ ಕಮಾಂಡರ್ ಸಾಮಾನ್ಯವಾಗಿ ಮೇಜರ್ ಆಗಿರುತ್ತಾರೆ. ಆದ್ದರಿಂದ ‘ಕಂಪನಿ ಕಮಾಂಡರ್’ ಎಂದು ಬಂದ ಕೂಡಲೇ ಲೊಖಗೊಸ್ ಹಾಕುವ ಹಾಗಿಲ್ಲ. ಹುದ್ದೆಯನ್ನು ಹೇಳಲು ‘ದಿಯಿಕಿತಿಸ್ ಲೊಖೂ’ ಎಂಬ ಬೇರೆ ಪ್ರಯೋಗವಿದೆ. ಯುದ್ಧನೌಕೆಯನ್ನು ನಡೆಸುವವರು, ಅವರ ದರ್ಜೆ ಏನೇ ಇರಲಿ, ‘ಕಿವೆರ್ನಿತಿಸ್’. ಪ್ರಯಾಣಿಕರ ವಿಮಾನದ ಕ್ಯಾಪ್ಟನ್‌ಗೂ ಅದೇ ಪದ. ಚುಕ್ಕಾಣಿ ಹಿಡಿಯುವವನು ಎಂಬುದು ಅದರ ಮೂಲ ಅರ್ಥ. 1828ರಲ್ಲಿ ಸ್ವತಂತ್ರ ಗ್ರೀಸಿನ ಆಡಳಿತ ವಹಿಸಿಕೊಂಡ ಇಯೊನಿಸ್ ಕಪೊದಿಸ್ತ್ರಿಯಾಸ್ ಅವರ ಬಿರುದೂ ಕಿವೆರ್ನಿತಿಸ್. ಲ್ಯಾಟಿನ್ ದಾಟಿಕೊಂಡು ಇಂಗ್ಲಿಷಿಗೆ ಹೋಗಿ ‘ಗವರ್ನರ್’ ಆಗಿರುವುದೂ ಇದೇ.

ಆಟದ ತಂಡದ ಕ್ಯಾಪ್ಟನ್ ‘ಅರ್ಖಿಗೊಸ್’. ಅದು ಸುಲಭ.

‘ಕಪೆತಾನಿಯೊಸ್’ ಅಷ್ಟು ಸುಲಭವಲ್ಲ. ಇಟಲಿಯ ಕಡೆಯಿಂದ ಬಂದ ಈ ಮಾತು ಕಿವಿಗೆ ಕ್ಯಾಪ್ಟನ್ ಎಂದೇ ಕೇಳುತ್ತದೆ, ಯಂತ್ರಾನುವಾದವನ್ನು ತಿದ್ದುವವರ ಕೈ ಅತ್ತಲೇ ಎಳೆಯುತ್ತದೆ. ಆದರೆ ಇಂದಿನ ಗ್ರೀಕ್ ಸೇನೆಯಲ್ಲಿ ಇದು ದರ್ಜೆಯಲ್ಲ. ವ್ಯಾಪಾರಿ ಹಡಗಿನಲ್ಲಿ ನಾವಿಕರು ಕರೆಯುವಾಗ ‘ಕಪೆತಾನಿಯೆ’ ಎನ್ನುತ್ತಾರೆ, ಕಾಗದಪತ್ರಗಳಲ್ಲಿ ಅದೇ ವ್ಯಕ್ತಿ ಪ್ಲಿಯಾರ್ಖೊಸ್. ಎರಡನೇ ಮಹಾಯುದ್ಧದ ಕಾಲದಲ್ಲಿ ಆಕ್ರಮಿತ ಗ್ರೀಸಿನ ಬೆಟ್ಟಗಳಲ್ಲಿ ಹೋರಾಡಿದ, ಕಮ್ಯುನಿಸ್ಟ್ ನೇತೃತ್ವದ ಎಲಾಸ್ ಗೆರಿಲ್ಲಾ ಪಡೆಯ ನಾಯಕರೂ ಕಪೆತಾನಿಯೊಸ್ ಎನಿಸಿಕೊಂಡಿದ್ದರು. ಗ್ರೀಕ್ ಓದುಗರ ಮನಸ್ಸಿನಲ್ಲಿ ಆ ನೆನಪು ಇನ್ನೂ ಇದೆ. ಹಾಗಾಗಿ ಸರ್ಕಾರಿ ಪತ್ರದಲ್ಲಿ ಭೂಸೇನಾ ಅಧಿಕಾರಿಯೊಬ್ಬರಿಗೆ ಈ ಪದ ಬಳಸುವಂತಿಲ್ಲ.

ಸಬ್‌ಟೈಟಲ್ ಕೆಲಸದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕರೆಯುವಾಗ ಪದದ ಕೊನೆ ಬದಲಾಗುತ್ತದೆ, ನಾವು ‘ಅಣ್ಣ’ನನ್ನು ‘ಅಣ್ಣಾ’ ಎಂದು ಕೂಗುವ ಹಾಗೆ. ಸೈನಿಕ ತನ್ನ ಮೇಲಧಿಕಾರಿಗೆ ‘ಕಿರಿಯೆ ಲೊಖಗೆ’ ಎನ್ನುತ್ತಾನೆ. ಬರೀ ಲೊಖಗೊಸ್ ಎಂದರೆ ಸಂಬೋಧನೆ ಆಗುವುದಿಲ್ಲ. ಅಧಿಕಾರಿ ಹೆಣ್ಣಾದರೆ ಪದ ಅದೇ ಉಳಿದು, ಅದಕ್ಕೆ ಮೊದಲು ಬರುವ ಆರ್ಟಿಕಲ್ (ಇಂಗ್ಲಿಷಿನ ‘ದಿ’ಯಂಥದ್ದು) ‘ಒ’ ಹೋಗಿ ‘ಇ’ ಬರುತ್ತದೆ. ಅಂದರೆ ಪಡೆ, ದೇಶ, ದರ್ಜೆಗಳ ಜೊತೆಗೆ ಗಂಡೋ ಹೆಣ್ಣೋ, ಕರೆದದ್ದೋ ಉಲ್ಲೇಖಿಸಿದ್ದೋ ಎಂಬುದನ್ನೂ ಇಂಗ್ಲಿಷ್ ಸಾಲಿನ ಪಕ್ಕದಲ್ಲೇ ಬರೆದು ಕಳಿಸಬೇಕು.

ಅನುವಾದಕರು ಕ್ವೆರಿ ಕಳಿಸಿದರೆ ಕೆಲಸ ನಿಧಾನವಾಯಿತೆಂದು ಬೇಸರಪಡುವ ಪ್ರಾಜೆಕ್ಟ್ ಮ್ಯಾನೇಜರ್‌ಗಳಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ‘ಯಾವ ಪಡೆ?’ ಎಂದು ಕೇಳುವ ಗ್ರೀಕ್ ಅನುವಾದಕಿ ಕೆಲಸ ಬಲ್ಲವರು. ಕೇಳದೆ ತುಂಬಿ ಕಳಿಸುವವರ ಕಡತವನ್ನು ನಾನು ಎರಡನೇ ಸಲ ಓದಿಸುತ್ತೇನೆ. ಸಮ್ಮೇಳನದ ಭಾಷಣಕಾರರ ಪರಿಚಯದಲ್ಲಿ ಬರೀ ‘ಕ್ಯಾಪ್ಟನ್’ ಎಂದಿದ್ದು, ಅವರು ಭೂಸೇನೆಯವರೋ ನೌಕಾಪಡೆಯವರೋ ಪೈಲಟ್ಟೋ ತಿಳಿಯದಿದ್ದರೆ ಗ್ರಾಹಕರಿಗೇ ಫೋನ್ ಮಾಡುತ್ತೇನೆ. ಅವರಿಂದ ಉತ್ತರ ಬರುವ ತನಕ, ಗಡುವು ಎಷ್ಟೇ ಹತ್ತಿರವಿರಲಿ, ಆ ಸಾಲಿಗೆ ‘ಅನುಮೋದಿತ’ ಎಂಬ ಗುರುತು ಹಾಕುವುದಿಲ್ಲ.