ಸಕಲೇಶಪುರದಿಂದ ಶಿರಸಿಗೆ, ಮಣ್ಣುದಾರಿಯಲ್ಲಿ

ಈ ಡಿಸೆಂಬರಿನಲ್ಲಿ ಸಕಲೇಶಪುರದಿಂದ ಹೊರಟು ಮೂಡಿಗೆರೆ, ಕಳಸ, ಶೃಂಗೇರಿ, ಆಗುಂಬೆ, ತೀರ್ಥಹಳ್ಳಿ, ಸಾಗರಗಳನ್ನು ದಾಟಿ ಶಿರಸಿ ತಲುಪುವಂತೆ, ಸಾಧ್ಯವಾದಷ್ಟೂ ಡಾಂಬರು ಬಿಟ್ಟು ಸೈಕಲ್ ಸವಾರಿಯೊಂದನ್ನು ಯೋಜಿಸುತ್ತಿದ್ದೇನೆ. ಮಳೆಗಾಲದಲ್ಲಿ ಜಿಗಣೆ ಮತ್ತು ಕೆಸರು, ಫೆಬ್ರವರಿಯ ನಂತರ ಕಾಡ್ಗಿಚ್ಚಿನ ಭಯ; ಹೀಗಾಗಿ ಕಾಫಿ ಕೊಯ್ಲಿನ ಈ ಚಳಿಗಾಲವೇ ಸೂಕ್ತ.

ನಕ್ಷೆಯಲ್ಲಿ ಕಾಣುವ ಪ್ರತಿ ಗೆರೆಯೂ ನಮಗೆ ತೆರೆದ ದಾರಿಯಲ್ಲ. ಎಷ್ಟೋ ಮಣ್ಣುದಾರಿಗಳು ಖಾಸಗಿ ಎಸ್ಟೇಟುಗಳ ಗೇಟಿನಲ್ಲಿ ಕೊನೆಗೊಳ್ಳುತ್ತವೆ. 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳದಾರಿಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಅನುಮತಿಯಿಲ್ಲದ ಕಡೆ ಸಾರ್ವಜನಿಕ ರಸ್ತೆಯಲ್ಲೇ ಸಾಗುವುದೆಂದು ನಿರ್ಧರಿಸಿದ್ದೇನೆ, ಏಕೆಂದರೆ ಆ ಕಾಡು ಮೊದಲು ಕಾಟಿ, ಆನೆ, ಸಿಂಗಳೀಕಗಳದ್ದು.

ಸಾಮಾನಿನ ವಿಷಯದಲ್ಲಿ ಟೈರೇ ಮುಖ್ಯ. ಜಂಬಿಟ್ಟಿಗೆಯ ಸಡಿಲ ಹರಳುಗಳ ಮೇಲೆ ಗಾಳಿ ಬಿಗಿಯಾಗಿದ್ದರೆ ಚಕ್ರ ಪುಟಿದು ಹಿಡಿತ ತಪ್ಪುತ್ತದೆ, ಆದ್ದರಿಂದ 2.2 ಇಂಚಿನ ಟ್ಯೂಬ್‌ಲೆಸ್ ಟೈರುಗಳನ್ನು ಸ್ವಲ್ಪ ಮೆತ್ತಗಿಟ್ಟೇ ಓಡಿಸಬೇಕು. ಘಟ್ಟದ ಇಳಿಜಾರಿನಲ್ಲಿ ಬ್ರೇಕ್ ಪ್ಯಾಡುಗಳು ಬೇಗ ಸವೆಯುವುದರಿಂದ ಒಂದು ಜೊತೆ ಹೆಚ್ಚುವರಿಯಾಗಿ ಬೇಕೇ ಬೇಕು. ಅಲ್ಲಲ್ಲಿ ಮೊಬೈಲ್ ಸಿಗ್ನಲ್ ಸಿಗದ ಕಾರಣ ನಕ್ಷೆಗಳನ್ನು ಮುಂಚೆಯೇ ಇಳಿಸಿಕೊಳ್ಳುತ್ತೇನೆ.

ದಿನಕ್ಕೆ 45 ಕಿಲೋಮೀಟರ್ ಸಾಕು. ಆನೆ ಓಡಾಡುವ ಸಕಲೇಶಪುರ, ಮೂಡಿಗೆರೆ ಭಾಗದಲ್ಲಂತೂ ಸಂಜೆ ಐದರೊಳಗೆ ಊರು ಸೇರಲೇಬೇಕು.