ಕಂತು ತಪ್ಪಿದವರನ್ನು ಸಂಘದಲ್ಲಿ ಉಳಿಸಿಕೊಳ್ಳುವುದು ಹೇಗೆ

ಮನೆಯಲ್ಲಿ ದುಡಿಯುವವರು ಹಾಸಿಗೆ ಹಿಡಿದರೆ ಹೆಂಗಸು ಮೊದಲು ಬಿಡುವುದು ಸ್ವಸಹಾಯ ಸಂಘದ ಸಭೆಯನ್ನು. ವಾರದ ಉಳಿತಾಯ ಕಟ್ಟಲು 50 ರೂಪಾಯಿ ಇಲ್ಲದೆ ಎಲ್ಲರೆದುರು ಕೂರಲು ನಾಚಿಕೆ. ಎರಡು ವಾರ ತಪ್ಪಿದರೆ ದಂಡ, ದಂಡ ಸೇರಿ ಬಾಕಿ, ಕೊನೆಗೆ ಪುಸ್ತಕದಲ್ಲಿ ಹೆಸರೇ ಇರುವುದಿಲ್ಲ. ಸಂಘ ಬೇಕಾಗಿದ್ದೇ ಆ ವಾರಗಳಲ್ಲಿ.

ನಮ್ಮಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ 1980ರ ದಶಕದಲ್ಲಿ ಗುಂಪು ಕಟ್ಟತೊಡಗಿದಾಗ ಪರಸ್ಪರ ನಂಬುವವರು ಒಟ್ಟಾಗಬೇಕು ಎಂಬುದೇ ಬುನಾದಿ. 1992ರಲ್ಲಿ ನಬಾರ್ಡ್ 500 ಗುಂಪುಗಳೊಂದಿಗೆ ಸಂಘಗಳಿಗೆ ಸಾಲ ಸಿಗುವಂತೆ ಬ್ಯಾಂಕ್ ಜೋಡಣೆ ಶುರುಮಾಡಿತು, 2000-01ರಲ್ಲಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂತು. ಬುನಾದಿ ಸರಿಯಾದದ್ದೇ. ಆದರೆ ನಂಬುವವರು ಎಂದರೆ ಸಾಮಾನ್ಯವಾಗಿ ಒಂದೇ ಬೀದಿ, ಒಂದೇ ಜಾತಿ. ಗುಳೆ ಹೋಗಿ ಬರುವವರು, ಒಂಟಿ ಹೆಂಗಸರು, ಅಂಗವಿಕಲರ ಮನೆಯವರು ಯಾರ ಪಟ್ಟಿಯಲ್ಲೂ ಬರುವುದಿಲ್ಲ. ಅಂಗವಿಕಲರ ಸಂಘಕ್ಕೆ ಹತ್ತು ಜನ ಬೇಕಿಲ್ಲ, ಐವರು ಸಾಕು ಎಂದು ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಮಿಷನ್ನಿನ ನಿಯಮವೇ ಹೇಳುತ್ತದೆ. ಇದು ತಿಳಿದವರು ಕಡಿಮೆ.

ಸಭೆಯ ಜಾಗವನ್ನೂ ನೋಡಬೇಕು. ಮೇಲ್ಜಾತಿಯವರ ಜಗಲಿಯಲ್ಲೋ ಗುಡಿಯಲ್ಲೋ ಸೇರಿದರೆ ದಲಿತ ಸದಸ್ಯೆ ಅಂಗಳದಲ್ಲೇ ನಿಲ್ಲುತ್ತಾಳೆ. ಅಂಗನವಾಡಿಯೋ ಶಾಲೆಯೋ ಆದರೆ ಎಲ್ಲರೂ ಒಂದೇ ಜಮಖಾನದ ಮೇಲೆ ಕೂರಬಹುದು. ಉಳಿತಾಯದ ಮೊತ್ತವನ್ನು ಕೂಲಿ ಇಲ್ಲದ ವಾರದಲ್ಲೂ ಅತಿ ಬಡ ಸದಸ್ಯೆ ಕಟ್ಟಬಲ್ಲಷ್ಟಕ್ಕೆ ನಿಲ್ಲಿಸಿ. ಹೆಚ್ಚು ಕಟ್ಟಬಲ್ಲವರು ಬೇರೆ ಖಾತೆಯಲ್ಲಿ ಕಟ್ಟಲಿ.

15 ಜನ ವಾರಕ್ಕೆ 50 ಕಟ್ಟಿದರೆ ವರ್ಷಕ್ಕೆ 39,000. ಅದರಲ್ಲಿ 4,000ವನ್ನು ತುರ್ತು ಗಂಟಾಗಿ ತೆಗೆದಿಡಿ. ಬ್ಯಾಂಕಿನಲ್ಲಿಟ್ಟರೆ ಜಂಟಿ ಸಹಿಗೆ ಓಡಾಡುವಷ್ಟರಲ್ಲಿ ರಾತ್ರಿಯ ಆಸ್ಪತ್ರೆ ಖರ್ಚು ಕಾಯುವುದಿಲ್ಲ. ಪೆಟ್ಟಿಗೆ ಒಬ್ಬರ ಮನೆಯಲ್ಲಿ, ಕೀಲಿ ಇನ್ನೊಬ್ಬರಲ್ಲಿ. ಮೂವರು ಒಪ್ಪಿದರೆ 2,000ದವರೆಗೆ ಅಂದೇ ಕೊಡಲಿ. ಠರಾವು ಮುಂದಿನ ಸಭೆಯಲ್ಲಿ ಆಗಲಿ. ಸಂಘದಲ್ಲಿ ತಿಂಗಳಿಗೆ ನೂರಕ್ಕೆ ಎರಡರಂತೆ 2,000ಕ್ಕೆ ಮೂರು ತಿಂಗಳ ಬಡ್ಡಿ 120 ರೂಪಾಯಿ. ಊರ ಸಾಹುಕಾರರ ಬಳಿ ನೂರಕ್ಕೆ ಹತ್ತಾದರೆ 600. ಈ ವ್ಯತ್ಯಾಸದಲ್ಲೇ ಮನೆಯ ಮೇಕೆ ಮಾರಾಟವಾಗುವುದು, ಉಳಿಯುವುದು.

ಕಷ್ಟದಲ್ಲಿರುವವರಿಗೆ ಮೂರು ತಿಂಗಳು ಕಂತಿನ ಬಿಡುವು ಕೊಡಿ. ಬಾಯಿಮಾತಿನಲ್ಲಿ ಬೇಡ. ನಡವಳಿ ಪುಸ್ತಕದಲ್ಲಿ ‘ಮುಂದೂಡಿದ ಕಂತು’ ಎಂದು ತಾರೀಖು ಹಾಕಿ ಬರೆಯಿರಿ. ಇಲ್ಲವಾದರೆ ಬ್ಯಾಂಕಿನವರು ಪುಸ್ತಕ ತೆರೆದಾಗ ಅದು ಸುಸ್ತಿ ಬಾಕಿಯಾಗಿ ಕಾಣುತ್ತದೆ, ಇಡೀ ಸಂಘದ ಸಾಲಕ್ಕೆ ಪೆಟ್ಟು. ಉಳಿತಾಯ ನಿಂತರೂ ಹಾಜರಿ ಕರೆಯುವಾಗ ಅವಳ ಹೆಸರು ಕರೆಯಬೇಕು. ಎರಡು ಸಭೆಗೆ ಬಾರದಿದ್ದರೆ ಇಬ್ಬರು ಮನೆಗೆ ಹೋಗಲಿ, ಪುಸ್ತಕ ಒಯ್ಯದೆ.

ಗಂಡ ತೀರಿದ ಮನೆಯಲ್ಲಿ ಇನ್ನೂ ಒಂದು ಕೆಲಸವಿದೆ. ಹೊಸ್ತಿಲು ದಾಟಬಾರದೆಂದು ಅವಳನ್ನು ಕೂರಿಸಿದ ದಿನಗಳಲ್ಲೇ ಮರಣ ನೋಂದಣಿಯ 21 ದಿನಗಳ ಅವಧಿ ಕಳೆದುಹೋಗುತ್ತದೆ. ಆಮೇಲೆ ದಂಡ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ. ಮರಣ ಪ್ರಮಾಣಪತ್ರವಿಲ್ಲದೆ ವಿಧವಾ ವೇತನವೂ ಇಲ್ಲ, ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಯೂ ಇಲ್ಲ. ಸಂಘದ ಒಬ್ಬರು ಮೊದಲ ವಾರದಲ್ಲೇ ಆ ಮನೆಯವರನ್ನು ಜೊತೆಗೆ ಕರೆದುಕೊಂಡು ಹೋಗಿ ನೋಂದಣಿ ಮಾಡಿಸಲಿ.